ಹದಿನಾಲ್ಕನೇ ಪ್ರಶ್ನೆಗೆ ನಾನು ಬರೆದ ‘ಇಲ್ಲ’

ವಂಶದಿಂದ ಬರುವ ಸಕ್ಕರೆ ಕಾಯಿಲೆಯ ಪತ್ತೆ ಯೋಜನೆಯನ್ನು ನಮ್ಮ ಜಿಲ್ಲೆಯಲ್ಲಿ ನಡೆಸುತ್ತಿರುವ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಮೊದಲು ನನ್ನ ಅಕ್ಷರಕ್ಕಾಗಿ ಕ್ಷಮೆ ಕೇಳುತ್ತೇನೆ. ಗೆರೆ ಇಲ್ಲದ ಹಾಳೆಯಲ್ಲಿ ನನ್ನ ಸಾಲು ಬಲಗಡೆಗೆ ಹೋದಂತೆ ಕೆಳಗೆ ಜಾರುತ್ತದೆ. ಐದನೇ ತರಗತಿಯ ಆಚೆ ನಾನು ಶಾಲೆ ಕಂಡಿಲ್ಲ. ಯಾವ ಅಕ್ಷರಕ್ಕೆ ಹೊಟ್ಟೆ ಸೀಳಬೇಕು, ಯಾವುದಕ್ಕೆ ಬೇಡ ಎಂಬುದರಲ್ಲಿ ಈಗಲೂ ಎಡವುತ್ತೇನೆ. ಕಾಗುಣಿತದ ತಪ್ಪುಗಳನ್ನು ಈ ಬಹಿರಂಗ ಪತ್ರ ಅಚ್ಚು ಮಾಡುವ ಪತ್ರಿಕೆಯವರು ತಿದ್ದುತ್ತಾರೆ. ಅವರಿಂದ ತಿದ್ದಲಾಗದ ತಪ್ಪೊಂದು ನನ್ನಿಂದ ಆಗಿದೆ. ಅದನ್ನು ತಿದ್ದುವ ಅಧಿಕಾರ ಈ ಜಿಲ್ಲೆಯಲ್ಲಿ ನಿಮಗೊಬ್ಬರಿಗೇ ಇದೆಯಂತೆ.

ವಿಷಯ ಇಷ್ಟು. ನಿಮ್ಮ ಕಚೇರಿ ನನ್ನ ಅಕ್ಕ ಸುಜಾತಾಳ ಕಡತವನ್ನು ಮುಚ್ಚಿದೆ. ಅದು ಮುಚ್ಚಲು ಕಾರಣವಾದ ಸುಳ್ಳನ್ನು ಬರೆದವಳು ನಾನು. ಆ ಸುಳ್ಳನ್ನು ಒಪ್ಪಿಕೊಂಡು, ಅವಳ ರಕ್ತವನ್ನು ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಕೇಳಿದರೆ, ‘ಒಬ್ಬ ಫಲಾನುಭವಿಗೆ ಒಂದೇ ಮಾದರಿ’ ಎಂಬ ನಿಯಮವನ್ನು ತೋರಿಸುತ್ತೀರಿ. ಈ ತಿಂಗಳ ಮೂವತ್ತೊಂದಕ್ಕೆ ನಿಮ್ಮ ಪಟ್ಟಿಯೇ ಮುಚ್ಚುತ್ತದೆ. ಅಕ್ಕ ಇನ್ನು ಬದುಕಿರುವಷ್ಟು ದಿನ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕೋ, ಅಪ್ಪನ ಹಾಗೆ ಒಂದು ಗುಳಿಗೆ ನುಂಗಿದರೆ ಸಾಕೋ ಎಂಬುದು ಗೊತ್ತಾಗಲು ಉಳಿದಿರುವುದು ಹನ್ನೆರಡು ದಿನ.

ನಿಮ್ಮಂಥವರಿಗೆ ಪತ್ರ ಬರೆಯುವಾಗ ಮನೆಯ ಕಥೆ ಹೇಳಬಾರದಂತೆ. ಆದರೆ ನಿಮ್ಮ ಯೋಜನೆಯ ಹೆಸರಿನಲ್ಲೇ ‘ವಂಶ’ ಇದೆ. ಹಾಗಾಗಿ ಹೇಳುತ್ತೇನೆ.

ನಾವು ಕಮಲಾಪುರದವರು. ಅಪ್ಪ ದತ್ತಪ್ಪ ಬೇರೆಯವರ ಕೆಂಪು ಬಾಳೆ ತೋಟದಲ್ಲಿ ಕೂಲಿ. ನಮ್ಮ ಮನೆಯಲ್ಲಿ ದಪ್ಪಗಿದ್ದವರು ಇದುವರೆಗೆ ಯಾರೂ ಹುಟ್ಟಿಲ್ಲ. ಆಸ್ಪತ್ರೆಯ ಗೋಡೆಗೆ ನೀವು ಅಂಟಿಸಿದ ಚಿತ್ರದಲ್ಲಿ ಸಕ್ಕರೆ ಕಾಯಿಲೆ ಬಂದವನಿಗೆ ದೊಡ್ಡ ಹೊಟ್ಟೆ ಇದೆ, ಕೈಯಲ್ಲಿ ಜಿಲೇಬಿ ಇದೆ. ಅಪ್ಪ ಒಮ್ಮೆ ಆ ಚಿತ್ರದ ಪಕ್ಕದಲ್ಲೇ ಬಹಳ ಹೊತ್ತು ನಿಂತಿದ್ದ. ಆಮೇಲೆ, “ಈ ಮನುಷ್ಯಾನ ಬ್ಯಾನಿ ನನಗ ಹೆಂಗ ಬಂತು ರಮಾ? ಜಿಲೇಬಿ ಅಂವಾ ತಿಂದಾನ,” ಅಂದ. ಅಪ್ಪನಿಗೆ ಇದು ಬಂದದ್ದು ಇಪ್ಪತ್ತೆರಡನೇ ವಯಸ್ಸಿಗೆ. ಅಪ್ಪನ ಅವ್ವ, ನಮ್ಮ ಆಯಿ ಬಂಡೆಮ್ಮನಿಗೆ ಮೂವತ್ತರೊಳಗೇ ಬಂದಿತ್ತಂತೆ. ಅಕ್ಕನಿಗೆ ಹದಿನಾರಕ್ಕೆ. ಊರಿನವರು, “ಬಾಳಿ ತೋಟದಾಗ ಇರ್ತೀರಿ, ಹಣ್ಣು ತಿಂದು ತಿಂದು ಬಂದದ,” ಅನ್ನುತ್ತಾರೆ. ಅಪ್ಪನ ಉತ್ತರ ಸಿದ್ಧವಿರುತ್ತದೆ: “ಗೊನಿ ಹೊರೋಂವ ನಾ. ತಿನ್ನೋರು ಹೈದ್ರಾಬಾದಿನಾಗ ಅದಾರ. ಅವರಿಗ್ಯಾಕ ಬಂದಿಲ್ಲ, ಹೋಗಿ ಕೇಳ್ಕೊಂಡು ಬಾ.”

ಅಕ್ಕನಿಗೆ ಕಾಯಿಲೆ ಬಂದಾಗ ಹುಡುಗಿ, ಸಣ್ಣ ಮೈ, ಸಕ್ಕರೆ ನಾನೂರು ದಾಟಿತ್ತು. ಸಣ್ಣ ವಯಸ್ಸಿನವರಿಗೆ ಸೂಜಿಯೇ ಎಂದು ನಗರದ ಆಸ್ಪತ್ರೆಯಲ್ಲಿ ಇನ್ಸುಲಿನ್ ಹಚ್ಚಿದರು. ಅಪ್ಪ ಏನು ತೆಗೆದುಕೊಳ್ಳುತ್ತಾನೆ ಎಂದು ಯಾರೂ ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಕೇಳದೆ ಹೇಳುವುದು ನಮ್ಮ ಮನೆಯಲ್ಲಿ ರೂಢಿ ಇಲ್ಲ. ಅಪ್ಪನೂ ಅವ್ವ ಶೇವಂತಾಳೂ ಕೂಲಿಗೆ ಹೋದರೆ ಅಕ್ಕನ ಜೊತೆ ಒಬ್ಬರು ಇರಬೇಕಾಯಿತು. ಸಕ್ಕರೆ ಒಮ್ಮೆಲೇ ಇಳಿದರೆ ಅವಳು ಬೆವರುತ್ತಾಳೆ, ಮಾತು ತೊದಲುತ್ತದೆ, ಎದುರಿಗೆ ಇದ್ದವರನ್ನು ಬೈಯುತ್ತಾಳೆ. ಆಗ ಬಾಯಿಗೆ ಬೆಲ್ಲ ಹಾಕಬೇಕು. ಹನ್ನೊಂದು ವರ್ಷದ ನಾನು ಶಾಲೆ ಬಿಟ್ಟು ಆ ಬೆಲ್ಲ ಹಾಕುವವಳಾದೆ. ಇದನ್ನು ದೂರಾಗಿ ಬರೆಯುತ್ತಿಲ್ಲ. ಅಕ್ಕನೇ ತನ್ನ ಹಳೆಯ ಪುಸ್ತಕ ಮುಂದಿಟ್ಟು ನನ್ನಿಂದ ಓದಿಸಿದಳು. ಬಾಳೆಗೊನೆಗೆ ಸುತ್ತುವ ಹಳೆಯ ಪತ್ರಿಕೆಗಳನ್ನು ನಾನು ಓದಿಯೇ ಸುತ್ತುತ್ತಿದ್ದೆ. ಹಾಗಾಗಿ ನಮ್ಮ ಓಣಿಯಲ್ಲಿ ಯಾರ ಮನೆಗೆ ಯಾವ ಅರ್ಜಿ ಬಂದರೂ ತುಂಬುವವಳು ನಾನು. ಎದುರು ನಿಂತು ಮಾತಾಡಲು ಬರುವುದಿಲ್ಲ ನನಗೆ. ಕಾಗದ ಕೊಟ್ಟರೆ ಬರೆಯುತ್ತೇನೆ. ಈ ಜಂಬವೇ ಮುಂದೆ ಅಕ್ಕನಿಗೆ ಮುಳುವಾಯಿತು.

ಅಕ್ಕ ಈಗ ಇಪ್ಪತ್ತನಾಲ್ಕು. ಕಲಬುರಗಿಯ ಶಹಾಬಜಾರದ ಒಂದು ಹೊಲಿಗೆ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋದ ವರ್ಷ ಮೂರು ಸಲ ಬಸ್ಸಿನಲ್ಲೇ ಸಕ್ಕರೆ ಇಳಿದು ಎಚ್ಚರ ತಪ್ಪಿದಳು. ಒಂದು ಸಲ ಕಂಡಕ್ಟರ್ ನಿದ್ದೆ ಹೋಗಿದ್ದಾಳೆಂದು ಬಿಟ್ಟುಬಿಟ್ಟರು. ಕಮಲಾಪುರ ದಾಟಿ ಹುಮನಾಬಾದಿನಲ್ಲಿ ಇಳಿಸಿಕೊಂಡ ಯಾರೋ ಪುಣ್ಯಾತ್ಮರು ಬಾಯಿಗೆ ಚಹಾ ಹನಿಸಿ ಉಳಿಸಿದರು. ಅವತ್ತಿನಿಂದ ಅವಳು ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂಡುತ್ತಾಳೆ. “ಮಾಮಾ, ಕಮಲಾಪುರ ಬಂದ್ರ ನನಗ ಬೈದು ಎಬ್ಬಸ್ರಿ. ಬೈಲಿಲ್ಲಂದ್ರ ನಾ ಏಳಂಗಿಲ್ಲ,” ಎಂದು ಮೊದಲೇ ಹೇಳಿ ಕೂಡುತ್ತಾಳೆ. ನಗುತ್ತಲೇ ಹೇಳುತ್ತಾಳೆ. ಮನೆಗೆ ಬರುವುದು ಒಂದು ತಾಸು ತಡವಾದರೆ ಅವ್ವ ರಸ್ತೆಗೆ ಹೋಗಿ ನಿಲ್ಲುತ್ತಾಳೆ.

ಮೂರನೇ ಸಲ ಹಾಗಾದಾಗ ಅಂಗಡಿಯವರು ಜೇವರ್ಗಿ ಕಾಲೋನಿಯಲ್ಲಿ ಹೊಸದಾಗಿ ದವಾಖಾನೆ ತೆಗೆದಿದ್ದ ಪದ್ಮಜಾ ಡಾಕ್ಟರ್ ಹತ್ತಿರ ಕರೆದೊಯ್ದರು. ನಾನೂ ಹೋದೆ. ಡಾಕ್ಟರ್ ಅಕ್ಕನ ಚೀಟಿಗಳನ್ನೆಲ್ಲ ಒಂದೊಂದಾಗಿ ನೋಡಿ ಕೇಳಿದರು.

“ಸುಜಾತಾ, ಮನ್ಯಾಗ ಮತ್ಯಾರಿಗರ ಶುಗರ್ ಅದ ಏನು?”

“ಅಪ್ಪಗ ಅದ್ರಿ. ಆಯಿಗೂ ಇತ್ರಿ.”

“ಅಪ್ಪ ಎಷ್ಟು ಸೂಜಿ ತೊಗೋತಾರ?”

“ಸೂಜಿ ಇಲ್ರಿ. ಒಂದು ಸಣ್ಣ ಗುಳಿಗಿ. ನಾ ಹುಟ್ಟಿದಾಗಿಂದ ನೋಡೀನಿ, ಅದss ಗುಳಿಗಿ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ದಪ್ಪ ಅದಾರೇನು ಅಪ್ಪ?”

“ನಮ್ಮಪ್ಪ ಅಡ್ಡ ನಿಂತ್ರ ಕಾಣಂಗಿಲ್ರಿ,” ಅಂದಳು ಅಕ್ಕ.

ಡಾಕ್ಟರ್ ನಕ್ಕರು. ಆಮೇಲೆ ಗಂಭೀರವಾಗಿ ಒಂದು ಮಾತು ಹೇಳಿದರು. ಸಕ್ಕರೆ ಕಾಯಿಲೆಯಲ್ಲಿ ಹಲವು ಬಗೆ ಇವೆ. ಒಂದು ಬಗೆ ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿಯುತ್ತದೆ. ಒಂದೇ ಒಂದು ವಂಶವಾಹಿಯ ದೋಷ ಅದು. ತೆಳ್ಳಗಿನವರಿಗೆ ಬರುತ್ತದೆ, ಸಣ್ಣ ವಯಸ್ಸಿಗೇ ಬರುತ್ತದೆ. ಅಂಥವರಲ್ಲಿ ಕೆಲವರಿಗೆ ಇನ್ಸುಲಿನ್ ಬದಲು ಸಣ್ಣ ಪ್ರಮಾಣದ ಒಂದು ಗುಳಿಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಆ ಬಗೆಯೇ ಎಂದು ಹೇಳಬೇಕಾದರೆ ವಂಶವಾಹಿಯ ಪರೀಕ್ಷೆ ಆಗಬೇಕು. ಆ ಪರೀಕ್ಷೆ ನಮ್ಮಂಥವರ ಕೈಗೆಟುಕುವುದಲ್ಲ. “ಸರಕಾರದ್ದು ಒಂದು ಯೋಜನಾ ಬಂದದ. ಮೊದಲ ಸಾದಾ ರಕ್ತ ಪರೀಕ್ಷಾ ಮಾಡ್ತಾರ. ಅದರಾಗ ಪಾಸಾದವರಿಗೆ ದೊಡ್ಡ ಪರೀಕ್ಷಾ ಪುಕ್ಕಟ,” ಅಂದರು.

ಆ ಸಾದಾ ಪರೀಕ್ಷೆಯ ಹೆಸರು ಸಿಆರ್‌ಪಿ. ಅದೇನೆಂದು ನಾನು ಕೇಳಿದೆ. ಡಾಕ್ಟರ್ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮೈಯಲ್ಲಿ ಎಲ್ಲಿಯಾದರೂ ಉರಿ ಎದ್ದರೆ, ಹುಣ್ಣೋ ಜ್ವರವೋ ಆದರೆ, ನಮ್ಮ ಯಕೃತ್ತು ಸಿಆರ್‌ಪಿ ಎಂಬುದನ್ನು ರಕ್ತಕ್ಕೆ ಬಿಡುತ್ತದೆ. ಸಕ್ಕರೆ ಕಾಯಿಲೆಯ ಬಹಳ ಮಂದಿಯಲ್ಲಿ ಅದು ಸದಾ ಸ್ವಲ್ಪ ಏರಿಯೇ ಇರುತ್ತದೆ, ಒಳಗೆ ಸಣ್ಣ ಕಾವು ಇದ್ದ ಹಾಗೆ. ವಂಶದಿಂದ ಬರುವ ಆ ಒಂದು ಬಗೆಯಲ್ಲಿ ಮಾತ್ರ ಅದು ತೀರಾ ಕಡಿಮೆ, ಇಲ್ಲವೇ ಇಲ್ಲ ಅನ್ನುವಷ್ಟು. ಯಾವ ವಂಶವಾಹಿ ಕೆಟ್ಟಿದೆಯೋ ಅದೇ ಯಕೃತ್ತಿನಲ್ಲಿ ಈ ಕೆಲಸವನ್ನೂ ನೋಡಿಕೊಳ್ಳುತ್ತದಂತೆ. ಆದ್ದರಿಂದ ನಿಮ್ಮ ಯೋಜನೆಯಲ್ಲಿ ಸಿಆರ್‌ಪಿ ಅರ್ಧಕ್ಕಿಂತ, ಅಂದರೆ ಸೊನ್ನೆ ಬಿಂದು ಐದಕ್ಕಿಂತ, ಕಡಿಮೆ ಬಂದವರ ರಕ್ತ ಮಾತ್ರ ಮುಂದಿನ ಪರೀಕ್ಷೆಗೆ ಹೋಗುತ್ತದೆ. ಇದನ್ನು ಓದುವ ಯಾರೂ ಇಷ್ಟಕ್ಕೇ ತಮ್ಮ ಸೂಜಿ ಬಿಡಬೇಡಿ. ಡಾಕ್ಟರ್ ಹೇಳದೆ ಬಿಟ್ಟರೆ ಜೀವಕ್ಕೆ ಅಪಾಯ. ಅಕ್ಕನೂ ಬಿಟ್ಟಿಲ್ಲ.

ಈಗ ನಿಮ್ಮ ಶಿಬಿರಕ್ಕೆ ಬರುತ್ತೇನೆ. ಮೊದಲ ಸಲ ನಗರಕ್ಕೆ ಬಂದಾಗ ಯಂತ್ರ ಕೆಟ್ಟಿತ್ತು. ಎರಡನೇ ಸಲ ಯಂತ್ರ ಸರಿ ಇತ್ತು, ಯಂತ್ರದವರು ತರಬೇತಿಗೆ ಹೋಗಿದ್ದರು. ಮೂರನೇ ಸಲ, ಜನವರಿ ತಿಂಗಳಲ್ಲಿ, ಎರಡೂ ಒಂದೇ ದಿನ ಹಾಜರಿದ್ದವು. ಆದರೆ ಅದಕ್ಕೆ ನಾಲ್ಕು ದಿನ ಮುಂಚೆ ಅಕ್ಕ ಅಂಗಡಿ ರಜೆ ಇದ್ದ ದಿನ ಅವ್ವನ ಜೊತೆ ತೊಗರಿ ಹೊಲಕ್ಕೆ ಹೋಗಿದ್ದಳು. ಕೊಯ್ದ ತೊಗರಿಯ ಕೂಳೆ ಎಷ್ಟು ಚೂಪು ಎಂದು ಈ ಜಿಲ್ಲೆಯ ಅಧಿಕಾರಿಗಳಿಗೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಅದು ಅವಳ ಚಪ್ಪಲಿಯನ್ನು ತೂರಿ ಎಡಪಾದಕ್ಕೆ ನಟ್ಟಿತು. ಮೂರನೇ ದಿನಕ್ಕೆ ಕೀವು ಬಂತು. ಬಟ್ಟೆ ಸುತ್ತಿಕೊಂಡು, ಮೇಲೆ ಅಪ್ಪನ ಕಾಲುಚೀಲ ಹಾಕಿಕೊಂಡು ಅವಳು ಶಿಬಿರಕ್ಕೆ ಬಂದಳು.

ನಿಮ್ಮ ಅರ್ಜಿಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಹದಿನಾಲ್ಕನೆಯದು ಹೀಗಿತ್ತು: ‘ಕಳೆದ ಹದಿನಾಲ್ಕು ದಿನಗಳಲ್ಲಿ ತೀವ್ರ ಸೋಂಕು, ಆಘಾತ ಅಥವಾ ಅನ್ಯ ಉರಿಯೂತಕಾರಕ ಸ್ಥಿತಿ ಸಂಭವಿಸಿದೆಯೇ?’ ಇದನ್ನು ಬರೆದ ಮಹನೀಯರು ಕಾಲಿಗೆ ಕೂಳೆ ನಟ್ಟಾಗ ಮನೆಯಲ್ಲಿ ‘ನನಗೊಂದು ಉರಿಯೂತಕಾರಕ ಸ್ಥಿತಿ ಸಂಭವಿಸಿದೆ’ ಎಂದು ಕೂಗಿಕೊಳ್ಳುತ್ತಾರೆಯೇ? ಅರ್ಥವಾಗದೆ ತಪ್ಪು ಬರೆದೆ ಎಂದು ನಾನು ಇಲ್ಲಿ ಹೇಳಿಬಿಟ್ಟರೆ ನಿಮಗೆ ಬಾಯಿ ಇರುವುದಿಲ್ಲ, ಓದುಗರೂ ನನ್ನ ಕಡೆ ಆಗುತ್ತಾರೆ. ಆದರೆ ಅದು ಎರಡನೇ ಸುಳ್ಳಾಗುತ್ತದೆ. ಅರ್ಜಿ ತೆಗೆದುಕೊಳ್ಳುವ ಕಿಟಕಿಯವರನ್ನು ನಾನು ಕೇಳಿದ್ದೆ. ಅವರು ಸ್ಪಷ್ಟವಾಗಿ ಹೇಳಿದ್ದರು: “ಜ್ವರ, ಗಾಯ, ಕೀವು ಏನರ ಅದ ಏನಂತ ಕೇಳ್ಯಾರ ನೋಡವ್ವ. ಇದ್ರ ಮುಂದಿನ ಕ್ಯಾಂಪಿಗಿ ಬರ್ರಿ.”

“ಮುಂದಿನ ಕ್ಯಾಂಪ್ ಯಾವಾಗ್ರಿ?”

“ಮ್ಯಾಲಿಂದ ಆರ್ಡರ್ ಬಂದಾಗ.”

ಅಕ್ಕ ನನ್ನ ತೋಳು ಮುಟ್ಟಿ, “ಕಾಲಿಂದು ಹೇಳಿಬಿಡು ರಮಾ,” ಅಂದಳು. “ಸುಮ್ಕಿರು ನೀ,” ಅಂದೆ. ‘ಇಲ್ಲ’ ಎಂಬ ಚೌಕಕ್ಕೆ ಗೀಟು ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ಎರಡು ತಿಂಗಳಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ಕಾರಣ ನಿಮಗೆ ವಿಚಿತ್ರ ಅನ್ನಿಸಬಹುದು. ಮಾನ್ಯರೇ, ನಾನು ಐದಾರು ವರ್ಷಗಳಿಂದ ಸರಕಾರದ ಅರ್ಜಿಗಳನ್ನು ತುಂಬುತ್ತಿದ್ದೇನೆ. ಸ್ವಂತ ಜಮೀನು ಇದೆಯೇ? ಇಲ್ಲ. ಟ್ರ್ಯಾಕ್ಟರ್ ಇದೆಯೇ? ಇಲ್ಲ. ಮನೆಯಲ್ಲಿ ಫ್ರಿಜ್ ಇದೆಯೇ? ಇಲ್ಲ. ಸರಕಾರಿ ನೌಕರರು ಇದ್ದಾರೆಯೇ? ಇಲ್ಲ. ಹಿಂದೆ ಯಾವುದಾದರೂ ಯೋಜನೆಯ ಲಾಭ ಪಡೆದಿದ್ದೀರಾ? ಇಲ್ಲ. ಎಲ್ಲ ‘ಇಲ್ಲ’ ಇದ್ದವರ ಅರ್ಜಿ ಮುಂದೆ ಹೋಗುತ್ತದೆ. ಒಂದು ‘ಹೌದು’ ಬಿದ್ದರೆ ವಾಪಸ್ಸು ಬರುತ್ತದೆ. ನಮ್ಮ ಓಣಿಯ ಜಯದೇವಿ ಅತ್ತೆ, ಮಗ ಎಲ್ಲಿಂದಲೋ ತಂದಿಟ್ಟ ಕೆಟ್ಟ ಫ್ರಿಜ್ಜಿನಲ್ಲಿ ಬಟ್ಟೆ ತುಂಬಿಡುತ್ತಿದ್ದಳು. ಪ್ರಾಮಾಣಿಕವಾಗಿ ‘ಹೌದು’ ಎಂದು ಬರೆಸಿ ರೇಷನ್ ಕಾರ್ಡಿಗೆ ಎರಡು ವರ್ಷ ಅಲೆದಳು. ಬಡವರಿಗೆ ‘ಇಲ್ಲ’ ಎಂಬುದೇ ಸರಿ ಉತ್ತರ ಎಂದು ನನಗೆ ಕಲಿಸಿದವರು ನೀವೇ. ಮೇಷ್ಟ್ರು ಕಲಿಸಿದ ಮಗ್ಗಿ ಮರೆತಿದ್ದೇನೆ, ಈ ಪಾಠ ಮರೆತಿಲ್ಲ. ಅವತ್ತು ಕೈ ಮೇಲಿನಿಂದ ಕೆಳಗೆ ಇಳಿಯುತ್ತಾ ಎಲ್ಲದಕ್ಕೂ ‘ಇಲ್ಲ’ ಹಾಕುತ್ತಾ ಹೋಯಿತು. ಆರನೇ ಪ್ರಶ್ನೆ ‘ಕುಟುಂಬದಲ್ಲಿ ಯಾರಿಗಾದರೂ ಮಧುಮೇಹ ಇದೆಯೇ’ ಎಂಬುದಕ್ಕೂ ‘ಇಲ್ಲ’ ಹಾಕಿಬಿಟ್ಟಿದ್ದೆ. ಅಕ್ಕ ಹೆಗಲ ಮೇಲಿಂದ ನೋಡಿ ಕಿಸಕ್ಕನೆ ನಕ್ಕಳು. “ಯವ್ವಾ, ಅಪ್ಪನ್ನ ಅಳಿಸಿ ಹಾಕಿದೆಲ್ಲೇ! ಅದಕ್ಕss ಬಂದೀವಿ ಇಲ್ಲಿಗಿ.” ಅದನ್ನು ಹೊಡೆದು ‘ಹೌದು’ ಮಾಡಿದೆ. ಹದಿನಾಲ್ಕಕ್ಕೆ ಬಂದಾಗ ಕೈ ತಾನಾಗಿ ಹೋಗಲಿಲ್ಲ. ಅಲ್ಲಿ ನಿಲ್ಲಿಸಿ, ಕೇಳಿ, ತಿಳಿದುಕೊಂಡು, ಆಮೇಲೆ ಹಾಕಿದ್ದು.

ಇನ್ನೊಂದು ಕಾರಣ ದೇವಿಂದ್ರಪ್ಪ ಕಾಕಾ, ಅಪ್ಪನ ತಮ್ಮ. ಅವನಿಗೂ ಇದೇ ಕಾಯಿಲೆ. ಕಾಲಿನ ಗಾಯ ತೋರಿಸಲು ಹೋದವನು ಹೆಬ್ಬೆರಳು ಬಿಟ್ಟು ಬಂದ. ಆವತ್ತಿನಿಂದ ನಮ್ಮ ಮನೆಯಲ್ಲಿ ಡಾಕ್ಟರ ಎದುರು ಕಾಲಿನ ಮಾತು ಎತ್ತುವುದಿಲ್ಲ. ತಡವಾಗಿ ತೋರಿಸಿದ್ದಕ್ಕೇ ಬೆರಳು ಹೋಯಿತು ಎಂದು ಕಾಕಾನೇ ಹೇಳುತ್ತಾನೆ, ಆದರೂ ಎತ್ತುವುದಿಲ್ಲ.

ನಿಮ್ಮ ಸಿಬ್ಬಂದಿ ಅಕ್ಕನ ತೂಕ ನೋಡಿದರು. ಕಾಲುಚೀಲ ಹಾಕಿಕೊಂಡೇ ಅವಳು ತಕ್ಕಡಿ ಹತ್ತಿದಳು, ಎಡಗಾಲು ಊರಲಾರದೆ ಒಂದು ಕಡೆ ವಾಲಿದಳು. “ನೆಟ್ಟಗ ನಿಂದ್ರು,” ಅಂದರು. ಸಕ್ಕರೆ ಕಾಯಿಲೆಯ ಶಿಬಿರದಲ್ಲಿ, ಅಷ್ಟೊಂದು ಬಿಳಿ ಕೋಟುಗಳ ನಡುವೆ, ಒಬ್ಬರಾದರೂ ಯಾಕೆ ವಾಲುತ್ತೀಯ ಎಂದು ಕೇಳಿದ್ದರೆ? ಒಂದು ಸಲ ಕಾಲುಚೀಲ ಬಿಚ್ಚಿಸಿದ್ದರೆ? ಈ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ ಎಂದು ಗೊತ್ತಿದೆ. ಕಾಲುಚೀಲದ ಒಳಗೆ ಏನಿದೆ ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು.

ಫೆಬ್ರವರಿಯಲ್ಲಿ ವರದಿ ಬಂತು. ಸಿಆರ್‌ಪಿ ಹನ್ನೊಂದು. ಜೊತೆಗೆ ನಿಮ್ಮ ಸಹಿಯ ಪತ್ರ: ‘ತಮ್ಮ ಉರಿಯೂತ ಸೂಚಕವು ನಿಗದಿತ ಮಿತಿಗಿಂತ ಅಧಿಕವಾಗಿರುವುದರಿಂದ ತಮ್ಮ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.’ ಅಕ್ಕ ಕೆಲಸಕ್ಕೆ ಹೋಗಿದ್ದಳು. ನಾನೊಬ್ಬಳೇ ಅದನ್ನು ಪದ್ಮಜಾ ಡಾಕ್ಟರಿಗೆ ತೋರಿಸಿದೆ. ಅವರು ವರದಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಹನ್ನೊಂದು? ಇಷ್ಟ್ಯಾಕ ಬಂತು? ಆಗ ಜ್ವರ ಗಿರ, ಗಾಯ ಗಿಯ ಏನರ ಇತ್ತೇನು?”

“ಇಲ್ರಿ,” ಅಂದೆ.

ಮೊದಲ ‘ಇಲ್ಲ’ಕ್ಕೆ ನಿಮ್ಮ ಅರ್ಜಿ, ನಿಮ್ಮ ಕಿಟಕಿ, ನಿಮ್ಮ ಮೇಲಿನ ಆರ್ಡರ್ ಎಲ್ಲವನ್ನೂ ನೆಪ ಮಾಡಬಹುದು. ಈ ಎರಡನೆಯದಕ್ಕೆ ಯಾವ ನೆಪವೂ ಇಲ್ಲ. ಬೈಗುಳಕ್ಕೆ ಹೆದರಿದೆ, ಅಷ್ಟೇ. ಅವರು ಕುರ್ಚಿಗೆ ಒರಗಿ, “ಹಂಗಿದ್ರ ನನ್ನ ಅಂದಾಜss ತಪ್ಪು ಇರಬೇಕು,” ಅಂದರು. ಸರಿಯಾಗಿ ಅಂದಾಜು ಮಾಡಿದ ಡಾಕ್ಟರಿಂದ ತಪ್ಪು ಎಂದು ಹೇಳಿಸಿ ನಾನು ಬಸ್ಸು ಹತ್ತಿದೆ. ಮನೆಗೆ ಬಂದು ಅಕ್ಕನಿಗೆ ‘ಆಗಲಿಲ್ಲವಂತೆ’ ಎಂದಷ್ಟೇ ಹೇಳಿದೆ. ಅವಳು ಇನ್ಸುಲಿನ್ ಇಡುವ ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ನಮ್ಮಲ್ಲಿ ಫ್ರಿಜ್ ಇಲ್ಲ, ಆ ‘ಇಲ್ಲ’ ನಿಜವಾದದ್ದು. ಸುತ್ತುವುದನ್ನು ನಿಲ್ಲಿಸದೆ ಅಂದಳು: “ಹೋಗ್ಲಿ ಬಿಡು. ನನ್ನ ರಕ್ತಕ್ಕ ಪಾಸಾಗೋದು ಗೊತ್ತಿಲ್ಲ.” ತನ್ನ ರಕ್ತವೇ ತನ್ನನ್ನು ಫೇಲು ಮಾಡಿತು ಎಂದು ಅವಳು ಐದು ವಾರ ನಂಬಿದ್ದಳು. ನಾನು ಐದು ವಾರ ನಂಬಲು ಬಿಟ್ಟೆ.

ಮಾನ್ಯರೇ, ಅವಳ ರಕ್ತ ಒಂದೇ ಅವತ್ತು ನಿಜ ಹೇಳಿದ್ದು. ಕಾಲಿನಲ್ಲಿ ಕೀವು ಇದೆ ಎಂದು ಅದು ಹನ್ನೊಂದು ಎಂಬ ಅಂಕೆಯಲ್ಲಿ ಕೂಗಿ ಹೇಳಿತು. ನನ್ನ ‘ಇಲ್ಲ’ವೂ ರಕ್ತದ ‘ಹನ್ನೊಂದೂ’ ನಿಮ್ಮ ಕಡತದಲ್ಲಿ ಅಕ್ಕಪಕ್ಕ ಕುಳಿತಿದ್ದವು. ಯಾರೂ ಎರಡನ್ನೂ ಒಟ್ಟಿಗೆ ಓದಲಿಲ್ಲವೇ? ಓದಲು ಐದನೇ ತರಗತಿ ಸಾಲದೇ? ಹೋದ ವಾರ ನಾನು ಪದ್ಮಜಾ ಡಾಕ್ಟರ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹತ್ತರ ಮ್ಯಾಲ ಬಂದ್ರ ಎಲ್ಲೋ ಸೋಂಕು ಅದ ಅಂತ ತಿಳದು, ಅದು ಮಾಯ್ದ ಮ್ಯಾಲ ಮತ್ತ ನೋಡಬೇಕವ್ವ. ಇದು ಎಲ್ಲಾ ಡಾಕ್ಟರಿಗೂ ಗೊತ್ತಿದ್ದ ಮಾತು,” ಅಂದರು. ಅಲ್ಲಿಯೇ ಕೂತು, ಇನ್ನೊಮ್ಮೆ ಪರೀಕ್ಷೆ ಮಾಡಿ, ಇಲ್ಲವೇ ನಾವು ಹೊರಗೆ ಮಾಡಿಸಿದ ವರದಿ ಒಪ್ಪಿಕೊಳ್ಳಿ ಎಂದು ನಿಮಗೆ ಪತ್ರ ಬರೆದುಕೊಟ್ಟರು. ನಾನದನ್ನು ನಿಮ್ಮ ಕಚೇರಿಗೆ ತಲುಪಿಸಿದೆ. ನಿಮ್ಮ ಬಾಗಿಲ ಹೊರಗೆ ಕೂತವರು ಓದಿ, “ಅರ್ಜಿದಾಗ ಇಲ್ಲ ಅಂತ ನೀವss ಬರದೀರಿ. ಈಗ ಇತ್ತು ಅಂದ್ರ ಹೆಂಗ? ಖರೇ ಯಾವುದು?” ಅಂದರು. ನ್ಯಾಯವಾದ ಪ್ರಶ್ನೆ. ಪತ್ರವನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಮೂರು ದಿನದ ನಂತರ ಉತ್ತರ ಬಂತು: ಒಬ್ಬರಿಗೆ ಒಂದೇ ಮಾದರಿ, ಹೊರಗಿನ ಪ್ರಯೋಗಾಲಯದ ವರದಿ ಪರಿಗಣಿಸಲಾಗದು, ಪ್ರಕರಣ ಮುಕ್ತಾಯ. ಆದ್ದರಿಂದ ಆ ಪ್ರಶ್ನೆಗೆ ಇಲ್ಲಿ, ಊರೆಲ್ಲ ಓದುವ ಕಡೆ, ಉತ್ತರ ಹೇಳುತ್ತಿದ್ದೇನೆ. ಇತ್ತು. ಗಾಯ ಇತ್ತು. ಖರೇ ಇದು.

ಇನ್ನೊಂದು ಮಾತು ಉಳಿದಿದೆ. ಅದನ್ನು ಬರೆಯಬಾರದೆಂದು ಈ ಹಾಳೆಯನ್ನು ಎರಡು ಸಲ ಹರಿದೆ. ಈ ಬಗೆಯ ಕಾಯಿಲೆ ತಂದೆಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಅಕ್ಕನ ರಕ್ತದಲ್ಲಿ ಆ ದೋಷ ಸಿಕ್ಕಿದರೆ ಮುಂದೆ ಕೇಳುವುದು ನನ್ನ ರಕ್ತವನ್ನೇ. ನನಗೀಗ ಹತ್ತೊಂಬತ್ತು. ಹೋದ ವರ್ಷದಿಂದ ನನಗೆ ನೀರಡಿಕೆ ಜಾಸ್ತಿ. ಬಿಸಿಲಿಗೆ ಅಂದುಕೊಂಡಿದ್ದೇನೆ. ಕಲಬುರಗಿಯಲ್ಲಿ ನೀರಡಿಕೆಗೆ ಬೇರೆ ಕಾರಣ ಬೇಕೇ? ಆದರೆ ಚಳಿಗಾಲದಲ್ಲೂ ನಾನು ಎದ್ದು ನೀರು ಕುಡಿಯುತ್ತಿದ್ದೆ. ಹದಿನಾಲ್ಕನೇ ಪ್ರಶ್ನೆಗೆ ಗೀಟು ಹಾಕುವಾಗ ಅಕ್ಕನ ಕಡತ ಮುಂದೆ ಹೋಗಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿತ್ತು. ಆದರೆ ಡಾಕ್ಟರಿಗೆ ಎರಡನೇ ‘ಇಲ್ರಿ’ ಹೇಳುವಾಗ? ಈ ಕಡತ ಇಲ್ಲಿಗೇ ಮುಚ್ಚಿದರೆ ನನ್ನದು ತೆಗೆಯುವುದೇ ಬೇಡ ಎಂದು ಒಳಗೆ ಎಲ್ಲೋ ಒಂದು ಸಮಾಧಾನ ಇತ್ತೇ? ಇರಲಿಲ್ಲ ಎಂದು ಹೇಳಬೇಕೆಂದಿದ್ದೇನೆ. ನನ್ನ ‘ಇಲ್ಲ’ಗಳ ಮೇಲೆ ನನಗೇ ನಂಬಿಕೆ ಹೋಗಿದೆ.

ನಿನ್ನೆ ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬಸ್ಸಿನಿಂದ ಇಳಿದು ಬಂದು ಚಪ್ಪಲಿ ಬಿಡುತ್ತಿದ್ದಳು. ಮಾತು ಮುಗಿಯುವ ತನಕ ಒಂದು ಚಪ್ಪಲಿ ಕಾಲಲ್ಲೇ ಇತ್ತು.

“ಹಂಗಿದ್ರ ನನ್ನ ರಕ್ತ ಫೇಲ್ ಆಗಿಲ್ಲ?”

“ಇಲ್ಲಕ್ಕಾ. ಅದನ್ನ ಸರಿಯಾಗಿ ನೋಡೇ ಇಲ್ಲ.”

“ನಾ ಹೇಳು ಅಂದಿದ್ದೆ ನಿನಗ.”

“ಹೂಂ.”

“ಸುಮ್ಕಿರು ಅಂದಿ.”

“ಹೂಂ.”

ಅವಳು ಇನ್ನೊಂದು ಚಪ್ಪಲಿ ಬಿಟ್ಟಳು. “ಓಣಿ ತುಂಬ ಮಂದಿಗಿ ಅರ್ಜಿ ಬರೀತಿ. ಎಲ್ಲಾರ ಮನಿ ಉದ್ಧಾರ ಮಾಡ್ತಿ. ನಿಮ್ಮಕ್ಕಂದು ಒಂದು ಬರಿಲಾಕ ಬರ್ಲಿಲ್ಲ ನಿನಗ, ಅಲ್ಲಾ?” ಅಂದು ಒಳಗೆ ಹೋದಳು. ರೊಟ್ಟಿ ನನ್ನ ತಾಟಿಗೆ ತಾನೇ ಹಾಕಿದಳು. ಅಪ್ಪ ಒಬ್ಬನೇ ಒಂದು ಸಲ, “ಯಾರದೂ ತಪ್ಪಿಲ್ಲ, ನಾ ಕೊಟ್ಟ ಬ್ಯಾನಿ,” ಅಂದ. ಅದಕ್ಕೆ ಅಕ್ಕ, “ನೀ ಬ್ಯಾನಿ ಕೊಟ್ಟಿ, ಗುಳಿಗಿ ಒಬ್ಬನss ನುಂಗಿದಿ,” ಅಂದಳು. ಅಪ್ಪ ನಕ್ಕ. ನಾನು ನಗಲು ಧೈರ್ಯ ಮಾಡಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಸುಜಾತಾ ದತ್ತಪ್ಪ, ಕಮಲಾಪುರ, ಇವಳ ರಕ್ತದ ಸಿಆರ್‌ಪಿಯನ್ನು ಮೂವತ್ತೊಂದರೊಳಗೆ ನಿಮ್ಮ ಶಿಬಿರದಲ್ಲೇ, ನಿಮ್ಮ ಯಂತ್ರದಲ್ಲೇ, ನಿಮ್ಮವರ ಕೈಯಿಂದಲೇ ಇನ್ನೊಮ್ಮೆ ನೋಡಿ. ಅರ್ಧಕ್ಕಿಂತ ಹೆಚ್ಚು ಬಂದರೆ ಕಡತ ಮುಚ್ಚಿ. ಆಗ ಅದು ಅವಳ ಕಡತವೇ ಆಗಿರುತ್ತದೆ, ನನ್ನ ಸುಳ್ಳಿನದ್ದಲ್ಲ. ಕಡಿಮೆ ಬಂದರೆ ಮುಂದಿನ ಪರೀಕ್ಷೆಗೆ ಕಳಿಸಿ. ಸುಳ್ಳು ಮಾಹಿತಿ ಕೊಟ್ಟವರ ಮೇಲೆ ಕ್ರಮ ಜರುಗಿಸಲಾಗುವುದು ಎಂದು ನಿಮ್ಮ ಅರ್ಜಿಯ ಕೊನೆಯಲ್ಲಿ ಇದೆ. ದಯವಿಟ್ಟು ಜರುಗಿಸಿ, ಆದರೆ ಸರಿಯಾದವರ ಮೇಲೆ. ಸುಳ್ಳು ಬರೆದವಳು ರಮಾಬಾಯಿ. ಶಿಕ್ಷೆ ಅನುಭವಿಸುತ್ತಿರುವವಳು ಸುಜಾತಾ. ಇದು ಯಾವ ನಿಯಮ?

ಅಪ್ಪಣೆ ಇದ್ದರೆ ಒಂದು ಸಲಹೆಯನ್ನೂ ಸೇರಿಸುತ್ತೇನೆ. ಹದಿನಾಲ್ಕನೇ ಪ್ರಶ್ನೆಯನ್ನು ಅರ್ಜಿಯಿಂದ ತೆಗೆದು ಒಬ್ಬ ಮನುಷ್ಯರ ಬಾಯಿಗೆ ಕೊಡಿ. ‘ಅವ್ವಾ, ಮೈಯಲ್ಲಿ ಎಲ್ಲಾದರೂ ಗಾಯ ಇದ್ದರೆ ಈ ಪರೀಕ್ಷೆ ತಪ್ಪು ಹೇಳುತ್ತದೆ, ಇದ್ದರೆ ಹೇಳು, ಅದು ಮಾಯ್ದ ಮೇಲೆ ನಾವೇ ಕರೆಸುತ್ತೇವೆ, ನಿನ್ನ ಜಾಗ ಹೋಗುವುದಿಲ್ಲ’ ಎಂದು ಅವರು ಹೇಳಲಿ. ಆಮೇಲೆ ಕಾಲುಚೀಲ ಬಿಚ್ಚಿಸಿ ನೋಡಲಿ. ‘ಹೌದು’ ಅಂದರೂ ಜಾಗ ಹೋಗುವುದಿಲ್ಲ ಎಂದು ಗೊತ್ತಾದರೆ ನಮ್ಮಂಥವರು ಸುಳ್ಳು ಹೇಳುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆ ಎಂದು ಹೇಳಲಾರೆ.

ನನ್ನ ಹೆಸರನ್ನೂ ನಿಮ್ಮ ಪಟ್ಟಿಗೆ ಬರೆದುಕೊಳ್ಳಿ. ಅಕ್ಕನದು ಆದ ಮೇಲೆ.

ಇವತ್ತು ಮುಂಜಾನೆ ಅಕ್ಕ ಕೆಲಸಕ್ಕೆ ಹೊರಡುವ ಮುಂಚೆ ಅಂಗಳದ ಕಲ್ಲಿನ ಮೇಲೆ ಕೂತು ಎಡಗಾಲು ನನ್ನ ಕಡೆ ಚಾಚಿದಳು. “ತಗೊ, ಈಗರ ಸರಿಯಾಗಿ ನೋಡಿ ಬರಿ,” ಅಂದಳು. ನಿನ್ನೆಯಿಂದ ನನ್ನ ಜೊತೆ ಆಡಿದ ಮೊದಲ ಮಾತು. ಚೊಂಬಿನಿಂದ ನೀರು ಹಾಕಿ ಪಾದ ತೊಳೆದೆ, ನನ್ನ ಓಢಣಿಯಿಂದ ಒರೆಸಿದೆ, ಬಿಸಿಲಿಗೆ ತಿರುಗಿಸಿ ಬೆರಳ ಸಂದಿಗಳನ್ನೂ ಹಿಮ್ಮಡಿಯನ್ನೂ ಒತ್ತಿ ನೋಡಿದೆ. ಕೂಳೆ ನಟ್ಟ ಜಾಗದಲ್ಲಿ ತೊಗರಿ ಕಾಳಿನಷ್ಟು ಬಿಳಿ ಕಲೆ ಇದೆ. ಬಾವು ಇಲ್ಲ. ಕೀವು ಇಲ್ಲ. ನೋವು ಇದೆಯೇ ಎಂದು ಕೇಳಿದೆ, ಇಲ್ಲ ಅಂದಳು. ಮೂರೂ ‘ಇಲ್ಲ’ಗಳನ್ನು ನೋಡಿ, ಮುಟ್ಟಿ, ಕೇಳಿ ಬರೆದಿದ್ದೇನೆ.

ಇಂತಿ,
ಓಣಿಯ ಎಲ್ಲರ ಅರ್ಜಿ ಬರೆದು ಅಕ್ಕನದನ್ನೇ ಕೆಡಿಸಿದ
ರಮಾಬಾಯಿ,
ಕಮಲಾಪುರ